ಕಿವಿಮಾತು: ಹೆಲ್ಮೆಟ್ ಒಳಗೆ ನುಗ್ಗುವ ಗಾಳಿ

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಮನೆಯವರು ಔಷಧ ಕಂಪನಿಯ ರೆಪ್. ವಾರಕ್ಕೆ ನಾಲ್ಕು ದಿನ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಬೈಕಿನಲ್ಲೇ ಹೋಗಿ ಬರುತ್ತಾರೆ. ಹನ್ನೊಂದು ವರ್ಷವಾಯಿತು. ಈಚೆಗೆ ರಾತ್ರಿ ಮಲಗಿದಾಗ ಕಿವಿಯಲ್ಲಿ ಗುಂಯ್ ಅನ್ನುತ್ತದೆ ಅಂತಾರೆ. ನಾನು ಏನಾದರೂ ಹೇಳಿದರೆ, "ಕೂಗಬೇಡ, ಕೇಳಿಸ್ತಿದೆ, ಏನಂದೆ ಅಂತ ಗೊತ್ತಾಗ್ಲಿಲ್ಲ" ಅಂತಾರೆ. ಯಾರೋ ಇಯರ್‌ಪ್ಲಗ್ ಹಾಕಿಕೊಳ್ಳಿ ಅಂದರಂತೆ. ಹಾಕಿಕೊಂಡರೆ ಉಪಯೋಗ ಆಗುತ್ತಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ತಂಗೀ, ನಿಮ್ಮ ಮನೆಯವರ ಆ ಒಂದು ಮಾತಿನಲ್ಲೇ ಅರ್ಧ ಉತ್ತರ ಇದೆ. ನಾನು ಇಪ್ಪತ್ತು ವರ್ಷದಿಂದ ಕಿವಿ ಪರೀಕ್ಷೆ ಮಾಡುತ್ತಿದ್ದೇನೆ. "ಕೇಳಿಸ್ತಿದೆ, ತಿಳೀತಿಲ್ಲ" ಅನ್ನುವವರನ್ನು ಕೂರಿಸಿ ನೋಡಿದರೆ ಬಹಳ ಸಲ ದಪ್ಪ ಸದ್ದೆಲ್ಲ ಚೆನ್ನಾಗೇ ಕೇಳಿಸಿರುತ್ತದೆ. 4000 ಹರ್ಟ್ಸ್ ಅನ್ನುವ ಕೀರಲು ಸದ್ದಿನ ಹತ್ತಿರ ಮಾತ್ರ ಪರೀಕ್ಷೆಯ ಕಾಗದದ ಮೇಲಿನ ಗೆರೆ ಹಳ್ಳಕ್ಕೆ ಬಿದ್ದಿರುತ್ತದೆ. ಜೋರು ಸದ್ದು ಮೊದಲು ಕೆಡಿಸುವುದು ಆ ಜಾಗವನ್ನೇ. ಸ, ಶ, ತ, ಕ ಯಾವುದು ಯಾವುದೆಂದು ತಿಳಿಸುವ ಸಣ್ಣ ಸದ್ದುಗಳೂ ಅದರ ಆಸುಪಾಸಿನಲ್ಲೇ ಇರುತ್ತವೆ. ಅವು ಹೋದರೆ ಸಾಲು, ಕಾಲು, ಪಾಲು ಎಲ್ಲ ಒಂದೇ ಥರ. ದನಿ ಕೇಳುತ್ತದೆ, ಪದ ಸಿಗುವುದಿಲ್ಲ. ಅದರಲ್ಲೂ ಹೆಂಗಸರ, ಮಕ್ಕಳ ಮಾತು ಹಿಡಿಯುವುದು ಕಷ್ಟ. ಆದ್ದರಿಂದ ಅವರು ಬೇಕಂತ ಹಾಗೆ ಮಾಡುತ್ತಿಲ್ಲ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಆ ಹಳ್ಳ ನನ್ನ ಎರಡೂ ಕಿವಿಯಲ್ಲಿದೆ. ಮೈಸೂರಿನಲ್ಲಿ ಓದುವಾಗ ರಜೆ ಸಿಕ್ಕರೆ ಸಾಕು, ಹಾಸನದ ಮೇಲೆ ಚಿಕ್ಕಮಗಳೂರಿಗೆ ಬೈಕಿನಲ್ಲಿ ಊರಿಗೆ ಹೊರಡುತ್ತಿದ್ದೆ. ಇಳಿದ ಮೇಲೆ ಕಿವಿ ಮಂಕಾಗಿರುತ್ತಿತ್ತು. ಅಮ್ಮ ಅಡುಗೆಮನೆಯಿಂದ ಕರೆದರೆ ಎರಡು ಸಲ ಕರೆಯಬೇಕಿತ್ತು. ಬೆಳಿಗ್ಗೆ ಸರಿಹೋಗುತ್ತಿತ್ತು. ಸರಿಹೋಯಿತಲ್ಲ ಅಂತ ಸುಮ್ನೆ ಬಿಟ್ಟೆ. ಎಷ್ಟೋ ವರ್ಷದ ಮೇಲೆ, ಹೊಸ ಮೆಷಿನ್ ಬಂದ ದಿನ, ಅದು ಸರಿ ಇದೆಯಾ ನೋಡೋಣ ಅಂತ ನಾನೇ ಒಳಗೆ ಕೂತೆ. ಕಾಗದದ ಮೇಲೆ ಬಂದ ಗೆರೆ ನೋಡಿ ಮೆಷಿನ್ನೇ ತಪ್ಪಿರಬೇಕು ಅಂದುಕೊಂಡು ಮತ್ತೆ ಮಾಡಿಸಿದೆ. ಅದೇ ಗೆರೆ ಬಂತು. ಒಳಗಿವಿಯಲ್ಲಿ ಸದ್ದು ಹಿಡಿಯುವ ಕೂದಲು ಕೋಶಗಳು ಒಂದೊಂದು ಕಿವಿಗೆ ಸುಮಾರು 15,000. ಸತ್ತದ್ದು ಮತ್ತೆ ಹುಟ್ಟುವುದಿಲ್ಲ.

ಬೈಕಿನ ಮೇಲೆ ಕಿವಿ ಕೆಡಿಸುವ ಸದ್ದಿನಲ್ಲಿ ಎಂಜಿನ್, ಸೈಲೆನ್ಸರ್‌ಗಿಂತ ದೊಡ್ಡ ಪಾಲು ಗಾಳಿಯದು. ವೇಗ ಏರಿದ ಹಾಗೆ ಗಾಳಿ ಹೆಲ್ಮೆಟ್‌ನ ಕೆಳ ಅಂಚಿಗೆ ಬಡಿದು, ಸುಳಿಯಾಗಿ, ಕಿವಿಯ ಹತ್ತಿರವೇ ಗುಡುಗುತ್ತದೆ. ಹೆಲ್ಮೆಟ್ ಮಾಡಿರುವುದು ತಲೆ ಉಳಿಸಲು. ಆ ಗುಡುಗನ್ನು ಅದು ಅಷ್ಟಾಗಿ ತಡೆಯುವುದಿಲ್ಲ. 80 ದಾಟಿದರೆ ಒಳಗಿನ ಸದ್ದು ಸಾಮಾನ್ಯವಾಗಿ 90 ಡೆಸಿಬಲ್ ಮೀರುತ್ತದೆ. 100 ಕಿ.ಮೀ. ವೇಗದಲ್ಲಿ ಅದು 100 ಡೆಸಿಬಲ್ ಹತ್ತಿರ ಹೋಗಬಹುದು. ಈಗ ಲೆಕ್ಕ ನೋಡಿ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬಲ್ ಏರಿದಾಗ ಆ ಹೊತ್ತು ಅರ್ಧವಾಗುತ್ತದೆ. 94ಕ್ಕೆ ಒಂದು ಗಂಟೆ, 100ಕ್ಕೆ ಬರೀ ಕಾಲು ಗಂಟೆ. ದಾವಣಗೆರೆಯಿಂದ ದುರ್ಗಕ್ಕೆ ಸುಮಾರು 60 ಕಿ.ಮೀ. 100ರ ವೇಗದಲ್ಲಿ ಹೋದರೆ ಅಲ್ಲಿ ಮುಟ್ಟುವಷ್ಟರಲ್ಲೇ ಆ ದಿನದ ಪಾಲು ಮುಗಿದುಹೋಗಬಹುದು. ದುರ್ಗದ ಸುತ್ತ ಗಾಳಿಯಂತ್ರ ನಿಲ್ಲಿಸಿರುವುದೇ ಅಲ್ಲಿ ಗಾಳಿ ಜಾಸ್ತಿ ಅಂತ. ಎದುರುಗಾಳಿ ಇದ್ದರೆ ಸದ್ದು ಇನ್ನೂ ಏರುತ್ತದೆ.

ಹಾಗಾಗಿ ಇಯರ್‌ಪ್ಲಗ್ ಖಂಡಿತ ಹಾಕಿಕೊಳ್ಳಲಿ. ಸ್ಪಂಜಿನಂಥ ಮೆತ್ತನೆಯದು ಸಾಕು. ಕಾರ್ಖಾನೆಯ ಸೇಫ್ಟಿ ಸಾಮಾನು ಮಾರುವ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಪೊಟ್ಟಣದ ಮೇಲೆ 30 ಡೆಸಿಬಲ್ ಅಂತ ಬರೆದಿದ್ದರೂ ನಿಜವಾಗಿ ಅರ್ಧದಷ್ಟು ಸಿಗುತ್ತದೆ ಅಂತ ಇಟ್ಟುಕೊಳ್ಳಿ. ಅರ್ಧ ಅಂದರೂ 15, ಅದು ಬಹಳ ದೊಡ್ಡದು. ಜನ ತಪ್ಪುವುದು ಹಾಕಿಕೊಳ್ಳುವುದರಲ್ಲಿ. ಸುಮ್ನೆ ಕಿವಿಯ ಬಾಯಿಗೆ ತುರುಕುತ್ತಾರೆ. ಕೈ ತೊಳೆದು, ಪ್ಲಗ್ಗನ್ನು ಬೆರಳಲ್ಲಿ ಹೊಸೆಯಬೇಕು, ದೀಪದ ಬತ್ತಿ ಹೊಸೆಯುತ್ತೀರಲ್ಲ, ಹಾಗೆ ತೆಳ್ಳಗೆ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಬೇಕು. ಆಗ ದಾರಿ ನೇರವಾಗುತ್ತದೆ. ಒಳಗೆ ಬಿಟ್ಟು ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿದರೆ ಉಬ್ಬಿ ಕೂರುತ್ತದೆ. ಆಮೇಲೆ ಸದ್ದಿರುವ ಕಡೆ ಎರಡೂ ಅಂಗೈಯಿಂದ ಕಿವಿ ಮುಚ್ಚಿ ನೋಡಲಿ. ಸದ್ದು ಇನ್ನೂ ತುಂಬಾ ಇಳಿದರೆ ಪ್ಲಗ್ ಸರಿ ಕೂತಿಲ್ಲ, ತೆಗೆದು ಮತ್ತೆ ಹಾಕಬೇಕು. ಹೆಲ್ಮೆಟ್ಟನ್ನು ಅಗಲಿಸಿ ನಿಧಾನವಾಗಿ ಹಾಕಿಕೊಳ್ಳಲಿ, ಇಲ್ಲವಾದರೆ ಅದೇ ಪ್ಲಗ್ಗನ್ನು ಎಳೆದುಬಿಡುತ್ತದೆ. ಕೊಳೆಯಾದ, ಉಬ್ಬದ ಪ್ಲಗ್ ಎಸೆಯಿರಿ. ಕಿವಿ ಸೋರುತ್ತಿದ್ದರೆ, ತಮಟೆ ತೂತಾಗಿದ್ದರೆ ಹಾಕಲೇಬೇಡಿ, ಮೊದಲು ಕಿವಿ ಡಾಕ್ಟರಿಗೆ ತೋರಿಸಿ.

ಆಗಿರುವ ನಷ್ಟವನ್ನು ಪ್ಲಗ್ ವಾಪಸ್ ತರುವುದಿಲ್ಲ. ಆದ್ದರಿಂದ ಪರೀಕ್ಷೆಯೂ ಆಗಬೇಕು. ಭಾನುವಾರ ಪೂರ್ತಿ ಬೈಕ್ ಮುಟ್ಟದೆ ಮನೆಯಲ್ಲಿದ್ದು, ಸೋಮವಾರ ಬೆಳಿಗ್ಗೆ ಮಾಡಿಸಿ. ಬೈಕಿನಿಂದ ಇಳಿದು ನೇರ ಹೋದರೆ ಆ ಹೊತ್ತಿನ ಮಂಕೂ ಲೆಕ್ಕಕ್ಕೆ ಸೇರಿಬಿಡುತ್ತದೆ. ನೀವೂ ಜೊತೆಗೆ ಹೋಗಿ.

ಪ್ರಶ್ನೆ: ಪ್ಲಗ್ ಹಾಕಿದರೆ ಹಿಂದಿನ ಲಾರಿಯ ಹಾರ್ನ್ ಕೇಳಿಸದೆ ಅಪಾಯ ಅಲ್ವಾ?
– ಕಾಲೇಜು ವಿದ್ಯಾರ್ಥಿ, ತುಮಕೂರು

ಉತ್ತರ: ನನಗೂ ಇದೇ ಭಯ ಇತ್ತು. ಪ್ಲಗ್ ಗಾಳಿಯನ್ನೂ ಹಾರ್ನನ್ನೂ ಒಟ್ಟಿಗೆ ತಗ್ಗಿಸುತ್ತದೆ. ಗಾಳಿಗಿಂತ ಹಾರ್ನ್ ಎಷ್ಟು ಜೋರಿತ್ತೋ ಅಷ್ಟೇ ಜೋರಾಗಿ ಉಳಿಯುತ್ತದೆ. ಹೈವೇ ವೇಗದಲ್ಲಿ ಬರಿಗಿವಿ ಗಾಳಿಯ ಹೊಡೆತಕ್ಕೇ ತುಂಬಿಹೋಗಿರುತ್ತದೆ. ಪ್ಲಗ್ ಹಾಕಿದಾಗ ನನಗಂತೂ ಹಾರ್ನ್ ಬಿಡಿಯಾಗಿ ಕೇಳುತ್ತದೆ. ಆದರೆ ಕಿವಿ ಈಗಾಗಲೇ ಮಂದವಾಗಿರುವವರು ಕಿವಿ ಡಾಕ್ಟರನ್ನು ಕೇಳಿಕೊಂಡೇ ಹಾಕಬೇಕು. ಊರೊಳಗೆ 30-40ರಲ್ಲಿ ಹೋಗುವಾಗ ನಾನು ಹಾಕುವುದಿಲ್ಲ, ಅಲ್ಲಿ ಗಾಳಿಯ ಸದ್ದು ಕಡಿಮೆ. ಮೊದಲ ಎರಡು ಮೂರು ಸಲ ಗೊತ್ತಿರುವ ರಸ್ತೆಯಲ್ಲೇ ಅಭ್ಯಾಸ ಮಾಡಿಕೋ ತಮ್ಮಾ, ಎಂಜಿನ್ ಸದ್ದು ಬೇರೆ ಥರ ಕೇಳುತ್ತದೆ, ಗೇರ್ ಬದಲಿಸುವ ಹೊತ್ತು ತಪ್ಪಬಹುದು. ಕನ್ನಡಿ ನೋಡುವುದು ಮಾತ್ರ ಯಾವಾಗಲೂ ಇರಲಿ.

ಪ್ರಶ್ನೆ: ಹತ್ತಿ ಇಟ್ಟುಕೊಂಡರೆ, ಇಲ್ಲವೇ ಇಯರ್‌ಫೋನಲ್ಲಿ ಹಾಡು ಹಾಕಿಕೊಂಡರೆ ಸಾಲದೇ?
– ಓದುಗರು, ಹಾಸನ

ಉತ್ತರ: ಸಾಲದು. ಹತ್ತಿ ಹೆಚ್ಚೇನೂ ತಡೆಯುವುದಿಲ್ಲ. ಹಾಡಂತೂ ಬೇಡವೇ ಬೇಡ. ಗಾಳಿಯ ಮೇಲೆ ಕೇಳಿಸಬೇಕೆಂದರೆ ಗಾಳಿಗಿಂತ ಜೋರಿಡಬೇಕು, ಆಗ ಎರಡೂ ಸೇರಿ ಅದೇ ಕಿವಿಗೆ ಬೀಳುತ್ತವೆ. ಗಮನವೂ ರಸ್ತೆ ಬಿಟ್ಟು ಹಾಡಿನ ಕಡೆ ಹೋಗುತ್ತದೆ.