ಗ್ಲೋಬ್‌ನ ಅಂಗಳದಿಂದ ಜಾರುವ ದೃಶ್ಯಪಟದವರೆಗೆ

ಪ್ರಶ್ನೆ: ಷೇಕ್ಸ್‌ಪಿಯರ್ ಕಾಲದ ರಂಗಭೂಮಿಗೂ 1660ರ ನಂತರದ ಇಂಗ್ಲಿಷ್ ರಂಗಭೂಮಿಗೂ ಮುಖ್ಯ ವ್ಯತ್ಯಾಸವೇನು?
– ಬಿ.ಎ. ವಿದ್ಯಾರ್ಥಿನಿ, ಉಡುಪಿ

ಉತ್ತರ: ಮೊದಲು ರಂಗವನ್ನೇ ನೋಡಿ. ಷೇಕ್ಸ್‌ಪಿಯರನ ತಂಡದ ಲಂಡನ್ ನಾಟಕಶಾಲೆ ಗ್ಲೋಬ್‌ನಲ್ಲಿ ತೆರೆದ ಅಂಗಳ, ಹಗಲು ಬೆಳಕು; ಒಂದು ಪೆನ್ನಿ ಕೊಟ್ಟವರು ನಿಂತೇ ನೋಡುತ್ತಿದ್ದರು. ನಮ್ಮ ಬಯಲಾಟದ ಹಾಗೆ, ಕಾಡೋ ಅರಮನೆಯೋ ಎಂಬುದು ಮಾತಿನಲ್ಲೇ ಮೂಡಬೇಕಿತ್ತು. 1642ರಲ್ಲಿ ಪಾರ್ಲಿಮೆಂಟು ನಾಟಕಶಾಲೆಗಳನ್ನು ಮುಚ್ಚಿಸಿತು. 1660ರಲ್ಲಿ ದೊರೆ ಎರಡನೇ ಚಾರ್ಲ್ಸ್ ದೇಶಕ್ಕೆ ಮರಳಿದ ಮೇಲೆ ನಾಟಕಕಾರರಾದ ಕಿಲಿಗ್ರೂ, ಡ್ಯಾವೆನಂಟ್ ಇಬ್ಬರಿಗೇ ತಂಡ ನಡೆಸುವ ಹಕ್ಕು ಸಿಕ್ಕಿತು.

ಬರಬರುತ್ತಾ ಚಿತ್ರ ಬರೆದ ದೊಡ್ಡ ಚೌಕಟ್ಟುಗಳು ಬಂದವು. ಅವು ಎರಡೂ ಬದಿಯಿಂದ ಹಳಿಯಂಥ ಕೊರಕಲಿನಲ್ಲಿ ಜಾರಿ ನಡುವೆ ಕೂಡುತ್ತಿದ್ದವು; ಎಳೆದರೆ ಹಿಂದಿನ ದೃಶ್ಯ ತೆರೆದುಕೊಳ್ಳುತ್ತಿತ್ತು, ಅದೂ ಪ್ರೇಕ್ಷಕರ ಕಣ್ಣೆದುರೇ. ಆದರೂ ನಟರು ಮುಂಚಾಚಿದ ವೇದಿಕೆಯಲ್ಲಿ, ಜನರ ಹತ್ತಿರವೇ ನಿಂತು ಮಾತಾಡುತ್ತಿದ್ದರು.

ಸೂರು, ಮೇಣದಬತ್ತಿ 1660ರಲ್ಲಿ ಹೊಸದಾಗಿ ಬಂದವು ಎಂದು ಮಾತ್ರ ಬರೆಯಬೇಡಿ. ಷೇಕ್ಸ್‌ಪಿಯರನ ತಂಡವೇ ಬ್ಲ್ಯಾಕ್‌ಫ್ರೈಯರ್ಸ್ ಎಂಬ ಸೂರಿನ ನಾಟಕಶಾಲೆಯಲ್ಲಿ ಒಳಾಂಗಣ ಪ್ರದರ್ಶನ ಕೊಡುತ್ತಿತ್ತು. ನಿಜಕ್ಕೂ ಹೊಸದು ನಟಿಯರು: ಹುಡುಗರು ಮಾಡುತ್ತಿದ್ದ ಹೆಣ್ಣು ಪಾತ್ರಗಳಿಗೆ 1660ರ ಕೊನೆಯಿಂದ ಹೆಂಗಸರೇ ಬಂದರು. ಹಳೆಯ ನಾಟಕಗಳನ್ನೂ ಆ ಕಾಲ ತಿದ್ದಿತು. ಷೇಕ್ಸ್‌ಪಿಯರನ ‘ಕಿಂಗ್ ಲಿಯರ್’ನಲ್ಲಿ ಲಿಯರ್ ರಾಜನೂ ಮಗಳು ಕಾರ್ಡೀಲಿಯಾಳೂ ಸಾಯುತ್ತಾರೆ; 1681ರ ನಾಟಕಕಾರ ನೇಹಮ್ ಟೇಟ್ ಆವೃತ್ತಿಯಲ್ಲಿ ರಾಜ ಬದುಕುಳಿಯುತ್ತಾನೆ, ಕಾರ್ಡೀಲಿಯಾ ಎಡ್ಗರ್‌ನ ಕೈಹಿಡಿಯುತ್ತಾಳೆ. ಒಂದೂವರೆ ಶತಮಾನ ರಂಗವನ್ನು ಆಳಿದ್ದು ಹೆಚ್ಚಾಗಿ ಈ ಆವೃತ್ತಿಯೇ.