ಬೂಟ್ ಹುಡುಕುವುದನ್ನು ಬಿಡಿ, ಮೊದಲು ಎತ್ತರ ಅಳೆಯಿರಿ

ಗಾಡಿಯ ಮುಂಭಾಗವನ್ನು ಎರಡು ಇಂಚು ಎತ್ತರಿಸಿದ ಮೇಲೆ ಆಕ್ಸಲ್ ಬೂಟ್ (ಚಕ್ರ ತಿರುಗಿಸುವ ಶಾಫ್ಟಿನ ಜಾಯಿಂಟನ್ನು ಮುಚ್ಚಿ ಗ್ರೀಸು ಹಿಡಿದಿಡುವ, ಮಡಿಕೆ ಮಡಿಕೆಯ ರಬ್ಬರ್ ಚೀಲ) ಎಂಟು ತಿಂಗಳೂ ಬಾಳುತ್ತಿಲ್ಲ, ದಪ್ಪ ರಬ್ಬರಿನ ಗಟ್ಟಿ ಬೂಟ್ ಯಾವ ಕಂಪನಿಯದು ಎಂದು ಕೇಳಿದ್ದೀರಿ. ಇದೇ ಪ್ರಶ್ನೆ ಹಿಡಿದುಕೊಂಡು ನಾನು 2019ರಲ್ಲಿ ಮಂಗಳೂರಿನ ಬಿಡಿಭಾಗದ ಅಂಗಡಿಗಳನ್ನೆಲ್ಲ ಅಲೆದಿದ್ದೇನೆ. ಆಗ ಒಬ್ಬರಾದರೂ ನನ್ನನ್ನು ತಡೆದು, ಪ್ರಶ್ನೆಯೇ ತಪ್ಪು ಎಂದು ಹೇಳಿದ್ದರೆ ಒಂದು ಮಳೆಗಾಲದ ಅಡಿಕೆ ಉಳಿಯುತ್ತಿತ್ತು. ಆದ್ದರಿಂದ ನಿಮಗೆ ನೇರವಾಗಿಯೇ ಹೇಳುತ್ತೇನೆ: ಬೂಟಿನಲ್ಲಿ ದೋಷವಿಲ್ಲ.

ನನ್ನದು ಇಸುಝು ವಿ-ಕ್ರಾಸ್ ಪಿಕಪ್, 2017ರ ಗಾಡಿ. ಮನೆ ಉಡುಪಿಯಲ್ಲಿ, ತೋಟ ಹೆಬ್ರಿಯ ಹತ್ತಿರ. ಡಾಂಬರು ರಸ್ತೆ ಬಿಟ್ಟ ಮೇಲೆ ತೋಟಕ್ಕೆ ಒಂದೂವರೆ ಕಿಲೋಮೀಟರ್ ಮುರಕಲ್ಲಿನ ಏರು ದಾರಿ. ಮಳೆ ಹಿಡಿದರೆ ನೀರು ದಾರಿಯ ನಡುವೆಯೇ ಹರಿದು ಆಳವಾದ ಕೊರಕಲು ಮಾಡುತ್ತದೆ. ಅಲ್ಲಿ ಗಾಡಿಯ ತಳ ಎರಡು ಬಾರಿ ಬಡಿಯಿತು. ಎತ್ತರ ಮಾಡಿಸಿದರೆ ಸರಿಹೋಗುತ್ತದೆ ಎಂದುಕೊಂಡೆ. ಬಡಿದದ್ದು ಗಾಡಿಯ ಯಾವ ಭಾಗ ಎಂದು ಬಗ್ಗಿ ನೋಡಲಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

2018ರ ಅಕ್ಟೋಬರ್‌ನಲ್ಲಿ ಒಂದು ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂನ ಎರಡು ಸ್ಪೇಸರ್, ಅಂದರೆ ಎತ್ತರಿಸಲು ನಡುವೆ ಇಡುವ ದಪ್ಪ ಬಿಲ್ಲೆ, ಮಾಡಿಸಿದೆ. ದಪ್ಪ 40 ಮಿಲಿಮೀಟರ್. ಮುಂದಿನ ಶಾಕ್ ಅಬ್ಸಾರ್ಬರಿನ ತಲೆಯ ಮೇಲೆ ಅವುಗಳನ್ನು ಕೂರಿಸಿ ಬೋಲ್ಟ್ ಬಿಗಿದಾಗ, ಗಾಡಿ 40 ಮಿಲಿಮೀಟರ್ ಏರಿತು, ಅಂದರೆ ಒಂದೂವರೆ ಇಂಚು, ಅತಿಯೇನಲ್ಲ ಎಂದು ನಂಬಿದೆ. ನನ್ನನ್ನು ಮುಳುಗಿಸಿದ ತಪ್ಪು ಇದೇ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ನಿಮ್ಮ "ಎರಡು ಇಂಚು" ಕೂಡ ಇಂಥದ್ದೇ ಲೆಕ್ಕ ಎಂಬ ಅನುಮಾನ ನನಗಿದೆ.

ನಮ್ಮಂಥ ಗಾಡಿಗಳಲ್ಲಿ ಶಾಕ್ ಅಬ್ಸಾರ್ಬರಿನ ಕಾಲು ಚಕ್ರದ ಮೇಲೆ ಊರಿಲ್ಲ. ಅದು ಕೆಳಗಿನ ಆರ್ಮ್‌ನ ನಡುಭಾಗದಲ್ಲಿ ಊರಿದೆ. ಆರ್ಮ್‌ನ ಒಂದು ತುದಿ ಚಾಸಿಗೆ ಬಿಜಾಗರಿಯಂತೆ ಸಿಕ್ಕಿಕೊಂಡಿದೆ, ಇನ್ನೊಂದು ತುದಿಯಲ್ಲಿ ಚಕ್ರವಿದೆ. ಮನೆಯ ಬಾಗಿಲನ್ನು ನಡುವೆ ಹಿಡಿದು ಒಂದು ಗೇಣು ನೂಕಿ ನೋಡಿ, ಚಿಲಕವಿರುವ ಅಂಚು ಎರಡು ಗೇಣು ಸರಿದಿರುತ್ತದೆ. ಸ್ಪೇಸರ್ ಆರ್ಮ್‌ನ ನಡುವನ್ನು 40 ಮಿಲಿಮೀಟರ್ ಕೆಳಗೆ ನೂಕಿದರೆ ತುದಿಯಲ್ಲಿರುವ ಚಕ್ರ ಅದಕ್ಕಿಂತ ಎಷ್ಟೋ ಹೆಚ್ಚು ಕೆಳಗಿಳಿಯುತ್ತದೆ. ಮೂರು ವರ್ಷದ ನಂತರ, ಇದೇ ಮಾದರಿಯ ಏನೂ ಬದಲಿಸದ ಗೆಳೆಯನ ಗಾಡಿಯನ್ನು ಪಕ್ಕದಲ್ಲಿ ನಿಲ್ಲಿಸಿ, ಹಬ್‌ನ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪು ಹಿಡಿದೆ. ವ್ಯತ್ಯಾಸ 72 ಮಿಲಿಮೀಟರ್! ನಾನು ಒಂದೂವರೆ ಇಂಚು ಎಂದುಕೊಂಡು ಓಡಿಸಿದ್ದು ಹತ್ತಿರಹತ್ತಿರ ಮೂರು ಇಂಚು ಎತ್ತರಿಸಿದ ಗಾಡಿ.

ಇದರಿಂದ ಡ್ರೈವ್ ಶಾಫ್ಟಿಗೆ, ಅಂದರೆ ಚಕ್ರಕ್ಕೆ ಶಕ್ತಿ ಒಯ್ಯುವ ದಂಡಕ್ಕೆ, ಏನಾಯಿತು ನೋಡಿ. ಶಕ್ತಿಯನ್ನು ಎಡಬಲ ಚಕ್ರಗಳಿಗೆ ಹಂಚುವ ಗೇರುಗಳ ಪೆಟ್ಟಿಗೆ, ಅಂದರೆ ಡಿಫರೆನ್ಷಿಯಲ್, ಚಾಸಿಗೆ ಅಂಟಿಕೊಂಡು ಮೇಲೆಯೇ ಉಳಿಯಿತು, ಚಕ್ರ ಕೆಳಗಿಳಿಯಿತು, ನಡುವಿನ ಶಾಫ್ಟ್ ಓರೆಯಾಯಿತು. ಒಳಗಿನ ಮತ್ತು ಹೊರಗಿನ ಜಾಯಿಂಟುಗಳ ನಡುವೆ 40 ಸೆಂಟಿಮೀಟರ್ ಇದೆ ಎಂದಿಟ್ಟುಕೊಳ್ಳಿ. 35 ಮಿಲಿಮೀಟರ್ ಇಳಿತಕ್ಕೆ ಕೋನ ಸುಮಾರು 5 ಡಿಗ್ರಿ ಹೆಚ್ಚಿದರೆ, 70 ಮಿಲಿಮೀಟರಿಗೆ 10 ಡಿಗ್ರಿ ಹೆಚ್ಚುತ್ತದೆ. ಅದೂ ಗಾಡಿ ಸಮತಟ್ಟಾದ ನೆಲದಲ್ಲಿ ಸುಮ್ಮನೆ ನಿಂತಿರುವಾಗ.

ಜಾಯಿಂಟ್ ಅಷ್ಟು ಕೋನವನ್ನು ತಾಳಿಕೊಳ್ಳುತ್ತದೆ. ಬೂಟ್ ತಾಳಿಕೊಳ್ಳುವುದಿಲ್ಲ. ಓರೆಯಾದ ಶಾಫ್ಟಿನ ಒಂದು ಮಗ್ಗುಲಲ್ಲಿ ಬೂಟಿನ ಮಡಿಕೆಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ, ಎದುರು ಮಗ್ಗುಲಲ್ಲಿ ಹಿಗ್ಗುತ್ತವೆ. ಚಕ್ರದ ಪ್ರತಿ ಸುತ್ತಿಗೂ ಪ್ರತಿ ಮಡಿಕೆ ಒಮ್ಮೆ ಮುಚ್ಚಿ ಒಮ್ಮೆ ತೆರೆಯುತ್ತದೆ. ನನ್ನ 245/70 ಆರ್16 ಟೈರು ಕಿಲೋಮೀಟರಿಗೆ ಸುಮಾರು 425 ಸುತ್ತು ತಿರುಗುತ್ತದೆ. ಉಡುಪಿಯಿಂದ ಮಂಗಳೂರಿಗೆ 55 ಕಿಲೋಮೀಟರ್ ಎಂದರೆ 23 ಸಾವಿರಕ್ಕೂ ಹೆಚ್ಚು ಬಾರಿ ರಬ್ಬರಿಗೆ ರಬ್ಬರು ಉಜ್ಜಿತು. ನಾಲ್ಕು ಚಕ್ರಕ್ಕೂ ಶಕ್ತಿ ಹಾಕದೆ ಹೆದ್ದಾರಿಯಲ್ಲಿ ಓಡಿಸಿದರೂ ನನ್ನ ಗಾಡಿಯಲ್ಲಿ ಆ ಶಾಫ್ಟುಗಳು ಚಕ್ರದ ಜೊತೆ ತಿರುಗುತ್ತಲೇ ಇರುತ್ತವೆ. ದಿನಾ ಕೆಲಸಕ್ಕೆ ಹೋಗಿಬರುವ ದಾರಿಯೇ ಬೂಟನ್ನು ಸವೆಸುತ್ತಿತ್ತು. ನಾನು ತೋಟದ ದಾರಿಯನ್ನು ದೂರುತ್ತಿದ್ದೆ.

ಈಗ ನಿಮ್ಮ ದಪ್ಪ ರಬ್ಬರಿನ ಮಾತು. ಮಡಿಕೆ ದಪ್ಪವಾದಷ್ಟೂ ಮಡಿಕೆಗಳ ನಡುವಿನ ಜಾಗ ಕಡಿಮೆಯಾಗುತ್ತದೆ, ಒತ್ತಡ ಹೆಚ್ಚುತ್ತದೆ, ಬಿಸಿ ಹೆಚ್ಚುತ್ತದೆ. ನಾನು ಹಾಕಿಸಿದ ದಪ್ಪ ಬೂಟ್ ಮೂಲ ಬೂಟಿಗಿಂತ ಬೇಗ ಹರಿಯಿತು. ಶಾಫ್ಟ್ ಬಿಚ್ಚದೆ ಅಂಟಿಸುವ ಸೀಳು ಬೂಟ್ ಬರುತ್ತದಲ್ಲ, ಅದನ್ನೂ ಹಾಕಿಸಿದೆ. ಒಂದು ತಿಂಗಳೊಳಗೆ ಅಂಟು ಬಿಟ್ಟಿತು. ದಯವಿಟ್ಟು ಅದಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ.

2021ರ ಜುಲೈನಲ್ಲಿ ಎಡಗಡೆಯ ರಿಮ್ಮಿನ ಒಳಮೈ ಮೇಲೆ ಕಪ್ಪು ಗ್ರೀಸು ಸಿಡಿದಿರುವುದು ಮತ್ತೆ ಕಂಡಿತು. ಬಟ್ಟೆಯಲ್ಲಿ ಒರೆಸಿ, ಮಳೆ ಬಿಟ್ಟ ಮೇಲೆ ನೋಡೋಣ ಎಂದು ಸುಮ್ಮನಾದೆ. ಹರಿದ ಬೂಟಿನೊಳಗೆ ನೀರು ಮತ್ತು ಮುರಕಲ್ಲಿನ ಕೆಂಪು ಹುಡಿ ಸೇರಿದರೆ ಗ್ರೀಸು ಸಾಣೆಯ ಹುಡಿಯಾಗುತ್ತದೆ. ಒಂದೆರಡು ವಾರದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಸದ್ದು ಶುರುವಾಯಿತು. ಆ ಸದ್ದು ಕೇಳಿದ ಮೇಲೆ ಬೂಟ್ ಬದಲಿಸಿ ಪ್ರಯೋಜನವಿಲ್ಲ, ಜಾಯಿಂಟಿನೊಳಗಿನ ಉಕ್ಕಿನ ಗುಂಡುಗಳು ಓಡುವ ದಾರಿಯೇ ಆಗಲೇ ಕೊರೆದುಹೋಗಿರುತ್ತದೆ.

ಅಡಿಕೆ ತೋಟ ಇರುವವರಿಗೆ ಜುಲೈ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಕೊಳೆರೋಗ ತಡೆಯಲು ಎರಡನೆಯ ಸುತ್ತಿನ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣದ ಮದ್ದು) ಬಿಡಬೇಕು, ಅದಕ್ಕೆ ಮಳೆ ಒಂದೆರಡು ದಿನವಾದರೂ ಬಿಡುವು ಕೊಡಬೇಕು. ಬಿಡುವು ಸಿಕ್ಕಿತು. ಮದ್ದು ಬಿಡುವವರು ಸಿಗುವುದೇ ಕಷ್ಟ, ಅವರೂ ಸಿಕ್ಕಿದರು. ಮೈಲುತುತ್ತು, ಸುಣ್ಣ, ಪಂಪು, ಡ್ರಮ್ಮು ಎಲ್ಲವನ್ನೂ ಹಿಂದೆ ಹೇರಿಕೊಂಡು ಏರು ಹತ್ತಿದೆ. ಕೊರಕಲಿನಲ್ಲಿ ಎಡ ಚಕ್ರ ಕೆಳಗೆ ತೂಗಿತು, ಸ್ಟೇರಿಂಗ್ ಪೂರ್ತಿ ಬಲಕ್ಕಿತ್ತು, ಗಾಡಿ ಫೋರ್-ಲೋದಲ್ಲಿತ್ತು (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ನಿಧಾನದ ಗೇರು). ಶಾಫ್ಟಿಗೆ ಅತಿ ಹೆಚ್ಚು ಕೋನ ಮತ್ತು ಅತಿ ಹೆಚ್ಚು ಭಾರ ಒಟ್ಟಿಗೆ ಬೀಳುವ ಕ್ಷಣ ಅದು. ಹೊರಗಿನ ಜಾಯಿಂಟ್ ಒಡೆಯಿತು. ಇನ್ನೊಂದು ವಿಷಯ ಆಮೇಲೆ ತಿಳಿಯಿತು: ಮೇಲೆ ಸ್ಪೇಸರ್ ಇಟ್ಟರೆ ಗಾಡಿ ನಿಲ್ಲುವ ಎತ್ತರ ಮಾತ್ರವಲ್ಲ, ಚಕ್ರ ತೂಗಿ ಇಳಿಯಬಹುದಾದ ಕೊನೆಯ ಮಿತಿಯೂ ಅಷ್ಟೇ ಕೆಳಕ್ಕೆ ಹೋಗುತ್ತದೆ. ಗಾಡಿ ಮಾಡಿದವರು ಆ ಶಾಫ್ಟಿಗೆ ಇಟ್ಟಿದ್ದ ಮಿತಿಯನ್ನು ನಾನೇ ತೆಗೆದುಹಾಕಿದ್ದೆ.

ನೆರೆಯವರ ಟ್ರ್ಯಾಕ್ಟರ್ ಬಂದು ಗಾಡಿಯನ್ನು ಕೆಳಗೆಳೆಯುವಷ್ಟರಲ್ಲಿ ಸಂಜೆಯಾಯಿತು. ಮರುದಿನ ಮತ್ತೆ ಮಳೆ ಹಿಡಿಯಿತು, ಮದ್ದಿನವರು ಬೇರೆ ತೋಟಕ್ಕೆ ಹೋದರು. ಆ ವರ್ಷ ಕೊಳೆರೋಗ ತೋಟದ ಮೇಲಿನ ಭಾಗದ ಕಾಯಿಗಳನ್ನೆಲ್ಲ ಉದುರಿಸಿತು. ಅಮ್ಮ ಪ್ರತಿ ಬೆಳಿಗ್ಗೆ ಬುಟ್ಟಿ ಹಿಡಿದು ಕೊಳೆತ ಕಾಯಿ ಹೆಕ್ಕುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಶಾಫ್ಟಿನ ಖರ್ಚು ಮೂಲ ಬೂಟಿನ ಬೆಲೆಯ ಹತ್ತು ಪಟ್ಟಿಗಿಂತ ಹೆಚ್ಚಾಯಿತು, ಆದರೆ ನನಗೆ ನೋವಾದದ್ದು ಅದಕ್ಕಲ್ಲ.

ಈಗ ಬಡಿದ ಭಾಗದ ವಿಷಯ. ಗಾಡಿಯನ್ನು ಲಿಫ್ಟಿನ ಮೇಲೇರಿಸಿದಾಗ ಹಿಂದಿನ ಆಕ್ಸಲಿನ ಡಿಫರೆನ್ಷಿಯಲ್ ಗುಂಡಿನ ಅಡಿಯಲ್ಲಿ ಎರಡು ಹಳೆಯ ಗೀರು ಕಂಡವು. ಹಿಂದೆ ಇರುವುದು ಗಟ್ಟಿ ಆಕ್ಸಲ್, ಅಂದರೆ ಎರಡು ಚಕ್ರಗಳೂ ಡಿಫರೆನ್ಷಿಯಲೂ ಒಂದೇ ದಂಡದಲ್ಲಿ ಸೇರಿಕೊಂಡಿವೆ. ಮುಂದೆ ಎಷ್ಟು ಎತ್ತರಿಸಿದರೂ, ಹಿಂದಿನ ಲೀಫ್ ಸ್ಪ್ರಿಂಗ್ ಎಷ್ಟು ಏರಿಸಿದರೂ ಆ ಗುಂಡು ಒಂದು ಮಿಲಿಮೀಟರ್ ಕೂಡ ಮೇಲೇರುವುದಿಲ್ಲ. ಅದನ್ನು ಎತ್ತುವುದು ಟೈರು ಮಾತ್ರ, ಅದೂ ಟೈರಿನ ವ್ಯಾಸ ಹೆಚ್ಚಿದ್ದರ ಅರ್ಧದಷ್ಟು. ನಾನು ಕೊನೆಗೆ ಮಾಡಿದ್ದು ದಾರಿಯ ಕೊರಕಲಿಗೆ ಕಲ್ಲು ತುಂಬಿಸಿ, ನೀರು ಪಕ್ಕಕ್ಕೆ ಹರಿಯುವಂತೆ ಕಣಿ ತೋಡಿಸಿದ್ದು. ಮೊದಲ ವರ್ಷವೇ ಮಾಡಿಸಬೇಕಿದ್ದ ಕೆಲಸ. ನಿಮಗೂ ಕೇಳುತ್ತೇನೆ: ನಿಮಗೆ ಎತ್ತರ ಬೇಕಾದದ್ದು ಯಾವ ದಾರಿಗೆ? ಅಲ್ಲಿ ಬಡಿಯುತ್ತಿದ್ದದ್ದು ಏನು?

ಅಷ್ಟಾದ ಮೇಲೂ ಎತ್ತರ ಬೇಕೇ ಬೇಕು ಎಂದಾದರೆ ಚಕ್ರದ ಬಳಿ ಅಳೆದಾಗ 30 ಮಿಲಿಮೀಟರ್ ದಾಟಬೇಡಿ. ನಾನು 40ರ ಸ್ಪೇಸರ್ ಕಿತ್ತು 15ರದ್ದು ಹಾಕಿದ್ದೇನೆ, ಚಕ್ರದಲ್ಲಿ 27 ಬಂದಿದೆ. ಕಂಪನಿಯ ಮೂಲ ಬೂಟ್, ಅದರದೇ ಕ್ಲಾಂಪ್, ಅದರ ಜೊತೆಗೇ ಬರುವ ಗ್ರೀಸು. ಆ ಬೂಟುಗಳು ಮೂರು ಮಳೆಗಾಲ ಕಳೆದರೂ ಹರಿದಿಲ್ಲ. ಇನ್ನೂ ಏರಿಸಬೇಕೆನ್ನುವವರು ಮುಂದಿನ ಡಿಫರೆನ್ಷಿಯಲನ್ನೇ ಇಂಚಿನಷ್ಟು ಕೆಳಗಿಳಿಸುವ ಕಿಟ್ ಹಾಕಿಸುತ್ತಾರೆ. ಅದರಿಂದ ಶಾಫ್ಟಿನ ಓರೆ ತಗ್ಗುವುದು ನಿಜ. ಆದರೆ ನೆಲದಿಂದ ದೂರವಾಗಲೆಂದು ಎತ್ತರಿಸಿ, ಮತ್ತೆ ಡಿಫರೆನ್ಷಿಯಲನ್ನು ನೆಲದ ಕಡೆಗೆ ಇಳಿಸುವುದು ನನಗೆ ಒಪ್ಪಿಗೆಯಿಲ್ಲ. ವಿಮೆಯ ಕಡೆಗೂ ಗಮನವಿರಲಿ, ವಾಹನದ ಮೂಲ ರಚನೆ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧ ಹೇರುತ್ತದೆ.

ನಿಮ್ಮದು ಯಾವ ಗಾಡಿ ಎಂದು ಬರೆದಿಲ್ಲ. ಬೂಟ್ ಹರಿಯುತ್ತಿದೆ ಎಂದರೆ ಮುಂದೆ ಸ್ವತಂತ್ರ ಸಸ್ಪೆನ್ಷನ್ (ಎಡಬಲ ಚಕ್ರಗಳು ಬೇರೆಬೇರೆಯಾಗಿ ಏರಿಳಿಯುವಂಥದ್ದು) ಇರುವುದೇ ಆಗಿರಬೇಕು. ಜಿಪ್ಸಿ, ಜಿಮ್ನಿಯಂತೆ ಮುಂದೆಯೂ ಗಟ್ಟಿ ಆಕ್ಸಲ್ ಇರುವ ಗಾಡಿಗಳಿಗೆ ಈ ತೊಂದರೆ ಹೀಗೆ ಬರುವುದಿಲ್ಲ.

ಇವತ್ತೇ ಒಂದು ಕೆಲಸ ಮಾಡಿ. ಸ್ಟೇರಿಂಗ್ ಪೂರ್ತಿ ಒಂದು ಬದಿಗೆ ತಿರುಗಿಸಿ, ಟಾರ್ಚು ಹಿಡಿದು ಬೂಟಿನ ಮಡಿಕೆಗಳ ಒಳಗಿನ ಕಣಿವೆಗಳನ್ನು ನೋಡಿ, ಸೀಳು ಶುರುವಾಗುವುದು ಅಲ್ಲಿಯೇ. ಗ್ರೀಸು ಕಂಡರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ, ಬೂಟ್ ಬದಲಿಸಿದ ಮೇಲೆಯೇ ಹೊರಗೆ ತೆಗೆಯಿರಿ. ಆಮೇಲೆ ಎರಡೂ ಮುಂದಿನ ಚಕ್ರಗಳಲ್ಲಿ ಹಬ್‌ನ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಅಳೆದು, ನಿಮ್ಮದೇ ಮಾದರಿಯ ಬದಲಿಸದ ಗಾಡಿಯ ಅಳತೆಯನ್ನೂ ಸೇರಿಸಿ ಇಲ್ಲಿ ಬರೆಯಿರಿ. ಸ್ಪೇಸರಿನ ದಪ್ಪ ಬೇಡ, ಆ ಅಳತೆ ಬೇಕು.