ಮುಳ್ಳೇರಿಯದ ಹೆಸರುಗಳು ಎಲ್ಲಿ ಹೋದವು?

ಪ್ರಶ್ನೆ: ನಮ್ಮ ಸಹಕಾರ ಸಂಘದ ಸದಸ್ಯರ ಪಟ್ಟಿ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಮೂರು ಕಡೆಯ ಸರ್ವರ್‌ಗಳಲ್ಲಿ ಉಂಟು. ಓಪನ್‌ಎಲ್‌ಡ್ಯಾಪ್ (ಹೆಸರುಪಟ್ಟಿ ಇಡುವ ಸರ್ವರ್ ತಂತ್ರಾಂಶ) ಎಂಬುದರ, ಹಲವು ಸರ್ವರುಗಳನ್ನು ಜೋಡಿಸುವ ಮೆಟಾ ಬ್ಯಾಕ್‌ಎಂಡ್ ಮೂಲಕ ಮೂರನ್ನೂ ಒಂದೇ ಪಟ್ಟಿಯಾಗಿ ಹುಡುಕುತ್ತೇವೆ. ಒಮ್ಮೊಮ್ಮೆ ಮುಳ್ಳೇರಿಯದ ಒಂದು ಹೆಸರೂ ಬರುವುದಿಲ್ಲ, ಎರರ್ ಕೂಡ ಇಲ್ಲ. ಸ್ವಲ್ಪ ಹೊತ್ತಿಗೆ ತಾನಾಗಿ ಸರಿಯಾಗುತ್ತದೆ. ಹೆಸರನ್ನು ಕನ್ನಡ, ಮಲಯಾಳ ಎರಡರಲ್ಲೂ ಇಡಬಹುದೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ನಿಮ್ಮ ಪತ್ರ ಓದಿದಾಗ ಕುಂಬಳೆ ಕಡೆಯ ಒಂದು ಸಂಘದ ಕೌಂಟರ್ ನೆನಪಾಯಿತು. ಜೋರು ಮಳೆ, ಶಾಖೆಯಲ್ಲಿ ಕರೆಂಟಿಲ್ಲ. ಪಾಸ್‌ಬುಕ್ ಹಿಡಿದು ನಿಂತ ಅಜ್ಜಿಗೆ ಗುಮಾಸ್ತ "ನಿಮ್ಮ ಹೆಸರೇ ಇಲ್ಲವಲ್ಲ" ಎಂದುಬಿಟ್ಟ. ಮರುದಿನ ಅವರನ್ನೇ ಹೊಸ ಸದಸ್ಯರೆಂದು ಇನ್ನೊಮ್ಮೆ ಸೇರಿಸಿದರು. ಆ ಜೋಡಿ ದಾಖಲೆ ಬಿಡಿಸಲು ನನಗೆ ಎರಡು ದಿನ ಹಿಡಿಯಿತು. ಹಾಗಾಗಿ ಇದನ್ನು ಸಣ್ಣ ದೋಷವೆಂದು ಬಿಡಬೇಡಿ.

ಮೆಟಾ ಬ್ಯಾಕ್‌ಎಂಡ್‌ನಲ್ಲಿ 'ಆನ್‌ಎರ್' ಎಂಬ ಆಯ್ಕೆ ಉಂಟು. ಆನ್ ಪದಕ್ಕೆ ಎರರ್‌ನ ಮೊದಲ ಮೂರು ಇಂಗ್ಲಿಷ್ ಅಕ್ಷರ ಅಂಟಿಸಿ ಬರೆಯಬೇಕು. ನೀವು ಏನೂ ಬರೆಯದಿದ್ದರೆ ಅದು 'ಕಂಟಿನ್ಯೂ' ಎಂದೇ ಲೆಕ್ಕ. ಅಂದರೆ ಒಂದು ಸರ್ವರ್ ಕೈಕೊಟ್ಟರೂ ಉಳಿದ ಎರಡರಿಂದ ಸಿಕ್ಕಿದ್ದನ್ನು ಕೊಟ್ಟು, ಎಲ್ಲ ಸರಿ ಎಂದೇ ಹೇಳುತ್ತದೆ. ಸದಸ್ಯರ ಪಟ್ಟಿಗೆ ಈ ನಡತೆ ಖಂಡಿತ ಬೇಡ. ಸೆಟ್ಟಿಂಗ್‌ಗಳಿರುವ ಸ್ಲ್ಯಾಪ್‌ಡಿ ಕಾನ್ಫ್ ಫೈಲಿನಲ್ಲಿ, ಮೊದಲ ಸರ್ವರಿನ ವಿಳಾಸ ಹೇಳುವ ಯುಆರ್‌ಐ ಸಾಲಿಗಿಂತ ಮೇಲೆ, 'ಆನ್‌ಎರ್ ರಿಪೋರ್ಟ್' ಎಂದು ಹಾಕಿ. ಆಗ ಸಿಕ್ಕಿದ ಹೆಸರುಗಳ ಕೊನೆಗೆ ಎರರ್ ಕೋಡ್ ಬರುತ್ತದೆ. ಕೌಂಟರಿನ ಸಾಫ್ಟ್‌ವೇರ್ ಆ ಕೋಡನ್ನು ನೋಡದೆ ಹೆಸರನ್ನಷ್ಟೇ ತೋರಿಸುವಂಥದ್ದಾದರೆ 'ಸ್ಟಾಪ್' ಹಾಕುವುದೇ ಕ್ಷೇಮ. ತಪ್ಪು ಕಂಡಲ್ಲಿಗೇ ಹುಡುಕಾಟ ನಿಲ್ಲುತ್ತದೆ. ಸ್ಲ್ಯಾಪ್‌ಟೆಸ್ಟ್ ಓಡಿಸಿ ಫೈಲು ಸರಿಯಿದೆಯೆಂದು ನೋಡಿಯೇ ಸರ್ವರ್ ಮರುಚಾಲೂ ಮಾಡಿ. ಆಮೇಲೆ, ರಜೆಯ ದಿನ ಮುಳ್ಳೇರಿಯದ ಯಂತ್ರವನ್ನು ಬೇಕೆಂದೇ ಆರಿಸಿ ಒಮ್ಮೆ ಹುಡುಕಿ.

ಇನ್ನು ಮೂಲ ಕಾರಣ. ಹೆಸರು ಮಾಯವಾದ ಹೊತ್ತಿನಲ್ಲೇ ಬದಿಯಡ್ಕದಿಂದ ಎಲ್‌ಡ್ಯಾಪ್‌ಸರ್ಚ್ ಎಂಬ ಹುಡುಕುವ ಆಜ್ಞೆಯನ್ನು ನೇರ ಮುಳ್ಳೇರಿಯದ ಸರ್ವರಿಗೇ ಕೊಡಿ. ಅದು ಉತ್ತರಿಸದಿದ್ದರೆ ಕರೆಂಟು, ಲೈನು ನೋಡಿ. ಉತ್ತರಿಸಿದರೆ ನನ್ನ ಅನುಮಾನ ನಡುವಿನ ರೂಟರ್ ಮೇಲೆ: ಬಹಳ ಹೊತ್ತು ಸುಮ್ಮನಿದ್ದ ಸಂಪರ್ಕವನ್ನು ಅದು ಸದ್ದಿಲ್ಲದೆ ಕಡಿದಿರಬಹುದು. 'ಐಡಲ್-ಟೈಮ್‌ಔಟ್' (ಸುಮ್ಮನಿದ್ದ ಸಂಪರ್ಕ ಬಿಟ್ಟು ಹೊಸದು ಮಾಡುವ ಅವಧಿ) ಅನ್ನು ರೂಟರಿನ ಅವಧಿಗಿಂತ ಕಡಿಮೆ ಇಡಿ. 'ನೆಟ್‌ವರ್ಕ್-ಟೈಮ್‌ಔಟ್' (ಸಂಪರ್ಕ ಸಿಗಲು ಕಾಯುವ ಅವಧಿ) 5 ಸೆಕೆಂಡು ಸಾಕು. ಇಲ್ಲದಿದ್ದರೆ ಸತ್ತ ಯಂತ್ರಕ್ಕಾಗಿ ಕೌಂಟರಿನ ಸಾಲು ಕಾಯಬೇಕು.

ಎರಡು ಭಾಷೆ ಧಾರಾಳವಾಗಿ ಇಡಬಹುದು. 2004ರ ಆರ್‌ಎಫ್‌ಸಿ 3866 ಎಂಬ ಇಂಟರ್ನೆಟ್ ಮಾನದಂಡದ ದಾಖಲೆ ಇದಕ್ಕೆಂದೇ ಇದೆ. ಹೆಸರು ಇಡುವ ಖಾನೆಯಾದ ಸಿಎನ್ ಎಂಬುದರ ನಂತರ ಅರ್ಧವಿರಾಮ ಚಿಹ್ನೆ ಹಾಕಿ ಲ್ಯಾಂಗ್-ಕೆಎನ್ ಎಂದರೆ ಕನ್ನಡ, ಲ್ಯಾಂಗ್-ಎಂಎಲ್ ಎಂದರೆ ಮಲಯಾಳ. ಬರೇ ಸಿಎನ್ ಎಂದು ಹುಡುಕಿದರೂ ಎರಡೂ ಲಿಪಿಯ ಹೆಸರು ಸಿಗುತ್ತದೆ.